ಬೇಸನ್ನಿನಲ್ಲಿ ಕೂತ ಧೂಳು

ನಾನು ಸೊಸೆಯಾಗಿ ಹೋದ ಮನೆ ಹೊಸಕೋಟೆ ತಾಲ್ಲೂಕಿನಲ್ಲಿ, ಸಮೇತನಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ನನ್ನ ತಂದೆ ದೊಡ್ಡಬಳ್ಳಾಪುರದಲ್ಲಿ ಸರ್ಕಾರಿ ಗುಮಾಸ್ತರು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಪಾಸಾಗಿದ್ದ ನನಗೆ ಇನ್ನೂ ಓದುವ ಆಸೆ ಇತ್ತು. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತು, ಮದುವೆಯಾಯಿತು. ಗಂಡನಿಗೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದದ್ದು ನಾನು, ಅತ್ತೆ, ಮಾವ ಮತ್ತು ರೇಷ್ಮೆ ಹುಳುಗಳು.

ಹುಳುಗಳನ್ನು ಮನೆಯವರ ಲೆಕ್ಕದಲ್ಲಿ ಸೇರಿಸಿದ್ದು ತಮಾಷೆಗಲ್ಲ. ಮನೆಯ ತಂಪಾದ, ದೊಡ್ಡದಾದ ಕೋಣೆ ಅವಕ್ಕೇ ಮೀಸಲು. ಅಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟದಂತೆ ಏರಿರುತ್ತಿದ್ದವು. ಆ ಕೋಣೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಒಗ್ಗರಣೆಯ ಹೊಗೆ ಆ ಕಡೆ ಸುಳಿಯುವಂತಿಲ್ಲ. ಅತ್ತೆ ಗಂಡನನ್ನು ಗದರಿಸುತ್ತಿದ್ದರು, ಮಗನನ್ನು ಗದರಿಸುತ್ತಿದ್ದರು, ಹುಳುಗಳ ಜೊತೆ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. "ತಿನ್ರವ್ವಾ, ತಿನ್ರಿ," ಎಂದು ಹಿಪ್ಪುನೇರಳೆ ಸೊಪ್ಪನ್ನು ಹರಡುವಾಗ ಅವರ ಮುಖ ನೋಡಬೇಕು.

ನನ್ನ ಮೇಲೆ ಅವರಿಗೆ ಅಂಥ ಅಕ್ಕರೆ ಇನ್ನೂ ಹುಟ್ಟಿರಲಿಲ್ಲ. ಕಾರಣ ಮುದ್ದೆ. ನಮ್ಮ ತವರಿನಲ್ಲಿ ಅನ್ನವೇ ಹೆಚ್ಚು, ನನಗೆ ಮುದ್ದೆ ತಿರುವಲು ಸರಿಯಾಗಿ ಬರುತ್ತಿರಲಿಲ್ಲ. ಮೊದಲ ವಾರ ನಾನು ಮಾಡಿದ್ದನ್ನು ತಟ್ಟೆಯಲ್ಲಿ ನೋಡಿ ಅತ್ತೆ ಕೇಳಿದ್ದರು, "ಇದೇನಮ್ಮೀ, ನುಂಗೋದಾ, ಕುಡಿಯೋದಾ?" ಮಾವ ನಗು ತಡೆದುಕೊಂಡು ಎದ್ದು ಹೋಗಿದ್ದರು.

ನಾನು ಬಂದ ವರ್ಷವೇ ಊರಿನ ಮೂಡಲ ಬದಿಯಲ್ಲಿ ಹೈಸ್ಕೂಲು ಕಟ್ಟಡ ಶುರುವಾಯಿತು. ಅದರ ಜೊತೆಗೆ ಮೇನ್ ರೋಡಿನಿಂದ ಅಲ್ಲಿಯವರೆಗೆ ಹೊಸ ರಸ್ತೆ. ಊರಿಗೆಲ್ಲ ಹಬ್ಬದಂಥ ಖುಷಿ. ಏಳನೇ ಕ್ಲಾಸು ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಹೊಸಕೋಟೆಯವರೆಗೆ ಕಳಿಸುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ಆ ಹೈಸ್ಕೂಲಿಗಾಗಿ ಅರ್ಜಿ ಹಿಡಿದು ಬೆಂಗಳೂರಿಗೆ ಓಡಾಡಿದವರಲ್ಲಿ ಮಾವನೇ ಮುಂದಾಳು. ಪಾಯ ತೆಗೆದ ದಿನ ಅವರು ಹೊಸ ಪಂಚೆ ಉಟ್ಟು ಹೋಗಿದ್ದರು.

ಕಂಟ್ರಾಕ್ಟರ್ ಕೋಲಾರದ ಕಡೆಯವರು. ಮನೆಮಾತು ತೆಲುಗು, ದಪ್ಪ ದೇಹ, ಅದಕ್ಕೆ ತಕ್ಕ ನಗು. ಕಟ್ಟಡಕ್ಕೂ ರಸ್ತೆಗೂ ಜಲ್ಲಿ ಬೇಕಲ್ಲ, ಅದಕ್ಕೆ ಅವರು ಅಲ್ಲೇ ಒಂದು ಡೀಸೆಲ್ ಮಿಷನ್ನು ತಂದು ನಿಲ್ಲಿಸಿದರು. ಒಂದು ಬಾಯಿಗೆ ಕಲ್ಲು ಹಾಕಿದರೆ ಇನ್ನೊಂದು ಕಡೆ ಜಲ್ಲಿ ಸುರಿಯುತ್ತಿತ್ತು, ಜೊತೆಗೆ ಬೂದಿಯಂಥ ಪುಡಿ ಮೋಡದ ಹಾಗೆ ಏಳುತ್ತಿತ್ತು. ಲಾರಿಗಳು ಓಡಾಡಿ ಕೆಮ್ಮಣ್ಣಿನ ಹಾದಿ ಹಿಟ್ಟಾಯಿತು. ಸಂಕ್ರಾಂತಿ ಕಳೆದ ದಿನಗಳು, ಮಳೆಯ ಸುಳಿವಿಲ್ಲ, ಮೂಡಗಾಳಿ ಬೀಸುವ ಕಾಲ. ಕಟ್ಟಡಕ್ಕೂ ಊರಿಗೂ ನಡುವೆ ಇದ್ದದ್ದು ನಮ್ಮ ಹಿಪ್ಪುನೇರಳೆ ತೋಟ.

ಒಂದು ಬೆಳಗ್ಗೆ ಅತ್ತೆ ಸೊಪ್ಪಿನ ಹೊರೆಯನ್ನು ಜಗುಲಿಯ ಮೇಲೆ ಧೊಪ್ಪನೆ ಇಳಿಸಿ, ಒಂದು ಎಲೆ ತೆಗೆದು ಮಾವನ ಮೂಗಿನ ಹತ್ತಿರ ಹಿಡಿದರು.

"ನೋಡಿ, ನಿಮ್ಮ ಹೈಸ್ಕೂಲು ನೋಡಿ! ಸೊಪ್ಪಾ ಇದು? ಪೌಡರ್ ಬಳ್ಕೊಂಡು ಕುಂತ ಮದುಮಗಳ ಥರ ಐತೆ."

"ಸ್ವಲ್ಪ ದಿನ ಕಣೇ. ಕಟ್ಟಡ ಮುಗಿದ್ಮೇಲೆ ಧೂಳೆಲ್ಲಿ ಬರ್ತದೆ?"

"ಅಷ್ಟು ದಿನ ಹುಳು ಉಪವಾಸ ಇರ್ತವಾ? ನೀವೇ ಹೇಳ್ಬಿಟ್ಟು ಬನ್ನಿ ಅವುಕ್ಕೆ."

ಹುಳುಗಳು ನಿಜವಾಗಿಯೂ ಆ ಸೊಪ್ಪನ್ನು ಒಲ್ಲೆ ಎನ್ನುತ್ತಿದ್ದವು. ಎಲೆಯ ಅಂಚಿಗೆ ಬಾಯಿ ಇಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತಿದ್ದವು. ಸೊಪ್ಪನ್ನು ತೊಳೆದು ಹಾಕೋಣವೆಂದರೆ, ತೇವ ಆರದ ಸೊಪ್ಪು ತಿಂದ ಹುಳುವಿಗೆ ಕಾಯಿಲೆ ಬರುತ್ತದೆ. ನಾನೂ ಅತ್ತೆಯೂ ಹಳೆಯ ಪಂಚೆಯ ತುಂಡಿನಿಂದ ಎಲೆ ಎಲೆಯನ್ನೂ ಒರೆಸಲು ಕುಳಿತೆವು. ಒಂದು ಹೊರೆ ಒರೆಸುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತಿತ್ತು. ಆ ಸಲದ ಬೆಳೆಯಲ್ಲಿ ಗೂಡು ಸಣ್ಣದಾಗಿ, ತೆಳ್ಳಗೆ ಬಂತು.

ಮಾವ ಹಿಂಜರಿಯುತ್ತಲೇ ಕಂಟ್ರಾಕ್ಟರನ್ನು ಕಂಡು ಬಂದರು. ಅವರು ಎಳನೀರು ಕೊಟ್ಟು ಕೂರಿಸಿ, "ಯಜಮಾನ್ರೇ, ಧೂಳು ನಂದೊಂದೇನಾ? ನಿಮ್ಮೂರ ಗಾಡಿ, ನಿಮ್ಮೂರ ದನ, ಎಲ್ಲಾ ಎಬ್ಬಿಸ್ತಾವೆ. ನಂದೆಷ್ಟು, ನಿಮ್ದೆಷ್ಟು ಅಂತ ಹೇಳೋರ್ಯಾರು?" ಎಂದರಂತೆ. ಮಾವ ಎಳನೀರು ಕುಡಿದು ಎದ್ದು ಬಂದರು. ತಾವೇ ಓಡಾಡಿ ತಂದ ಕಟ್ಟಡದ ಮೇಲೆ ತಾವೇ ದೂರು ಹೇಳಲು ಅವರಿಗೆ ಮನಸ್ಸಿರಲಿಲ್ಲ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಂದೆಷ್ಟು, ನಿಮ್ದೆಷ್ಟು. ಕಾಲೇಜಿನ ಲ್ಯಾಬಿನಲ್ಲಿ ನಾವು ಕೆರೆಯ ನೀರನ್ನು ಬಟ್ಟಲಲ್ಲಿ ಕಾಯಿಸಿ ಇಂಗಿಸುತ್ತಿದ್ದೆವು. ನೀರು ಹೋದ ಮೇಲೆ ಅದರಲ್ಲಿದ್ದ ಮಣ್ಣು, ಉಪ್ಪು ತಳದಲ್ಲಿ ಉಳಿಯುತ್ತಿತ್ತು. ಗಾಳಿಯಲ್ಲಿರುವುದನ್ನೂ ಹಾಗೆಯೇ ಹಿಡಿಯಬಹುದಲ್ಲ? ಬಯಲಲ್ಲಿ ನೀರಿಟ್ಟರೆ ಧೂಳು ಅದರೊಳಗೆ ಬೀಳುತ್ತದೆ. ಬಿದ್ದದ್ದು ಗಾಳಿಗೆ ಮತ್ತೆ ಹಾರುವುದಿಲ್ಲ. ಬಿಸಿಲಿಗೆ ನೀರು ಆರಿದ ಮೇಲೆ ನೋಡಿದರೆ ಆಯಿತು.

ನನ್ನ ಮದುವೆಗೆ ಸೋದರಮಾವ ಬಿಳಿಯ ಪಿಂಗಾಣಿ ಬೇಸನ್ನುಗಳ ಒಂದು ಜೊತೆಯನ್ನು ಉಡುಗೊರೆ ಕೊಟ್ಟಿದ್ದರು. ನೀಲಿ ಅಂಚು, ಹಾಲಿನಂಥ ಒಳಮೈ. ಅತ್ತೆ ಅವನ್ನು ಮುಟ್ಟದೆ ಅಟ್ಟದ ಮೇಲೆ ಇಟ್ಟಿದ್ದರು. ನನ್ನ ಉಪಾಯ ಹೇಳಿ, ಬೇಸನ್ನು ಬೇಕೆಂದಾಗ ಅವರು ಕೇಳಿದರು,

"ನೀರಿಟ್ರೆ ಧೂಳು ಬಂದು ಕೂತ್ಕೊಂಡು ನಾನು ಇಂಥೋರ ಮನೇದು ಅಂತ ಹೇಳ್ತದಾ?"

"ಹೇಳುತ್ತೆ ಅತ್ತೆ. ಕಲ್ಲಿನ ಪುಡಿ ಬೂದು ಬಣ್ಣ, ರಸ್ತೆ ಮಣ್ಣು ಕೆಂಪು. ಬಿಳಿ ಬೇಸನ್ನಿನಲ್ಲಿ ಎರಡೂ ಕಾಣುತ್ತೆ."

ಅವರು ಅಟ್ಟ ಹತ್ತಲು ಏಣಿ ತಂದುಕೊಟ್ಟರು. ಅದೇ ಒಪ್ಪಿಗೆ.

ಮೊದಲ ದಿನ ಬೇಸನ್ನಿನಲ್ಲಿ ಕಾಗೆ ಸ್ನಾನ ಮಾಡಿತು. ಎರಡನೇ ದಿನ ಕರು ಬಂದು ನೀರೆಲ್ಲ ಕುಡಿದು ತಳ ನೆಕ್ಕಿ ಫಳಫಳ ಹೊಳೆಸಿಟ್ಟಿತ್ತು. ಪಕ್ಕದ ಹೊಲದವರು, "ಏನವ್ವಾ, ಹಕ್ಕಿಗೆ ನೀರಿಡೋ ವ್ರತಾನಾ?" ಎಂದು ಕೇಳಿದರು. ಅತ್ತೆ, "ಹೂ, ವ್ರತಾನೇ," ಎಂದು ಬಿಗುಮಾನದಿಂದ ಹೇಳಿ, ಜಾಲಿಮುಳ್ಳಿನ ಕೊಂಬೆ ಕಡಿದು ತಂದು ಬೇಸನ್ನಿನ ಸುತ್ತ ಕೋಟೆ ಕಟ್ಟಿದರು. ಎಲ್ಲಿ ಇಡಬೇಕೆಂದು ಜಾಗ ಆರಿಸಿದವರೂ ಅವರೇ. ತೋಟದ ಮೂಲೆಯಲ್ಲಿ ನಮ್ಮ ಕಣ ಇತ್ತು, ಅದರ ಪಕ್ಕದ ಬಂಡೆಯ ಮೇಲೆ. "ಇಲ್ಲೇ ಜಾಸ್ತಿ ಬೀಳೋದು, ನಂಗೊತ್ತು," ಎಂದರು.

ಬಿದ್ದಿತ್ತು. ನೀರು ಆರಿದ ಮೇಲೆ ನೋಡಿದರೆ ಬೇಸನ್ನಿನ ತಳ ಕಾಣದಷ್ಟು ಕೂತಿತ್ತು. ಅತ್ತೆಗೆ ಲಾಟರಿ ಹೊಡೆದಷ್ಟು ಸಂತೋಷ. ನಾನು ಸರಿಯಾಗಿ ನೋಡುವ ಮೊದಲೇ ಬೇಸನ್ನನ್ನು ತಟ್ಟೆಯೊಂದರ ಮೇಲಿಟ್ಟು, ಮೇಲೊಂದು ಒಗೆದ ಟವಲು ಮುಚ್ಚಿ, ಬೀಗರ ಮನೆಗೆ ತಾಂಬೂಲ ಒಯ್ಯುವವರಂತೆ ಎರಡೂ ಕೈಯಲ್ಲಿ ಹಿಡಿದು ಹೊರಟೇಬಿಟ್ಟರು. ಮಾವ ಹಿಂದೆ, ನಾನು ಅವರ ಹಿಂದೆ.

ಕಂಟ್ರಾಕ್ಟರ್ ತಮ್ಮ ತಗಡಿನ ಶೆಡ್ಡಿನ ಮುಂದೆ ಕುಳಿತಿದ್ದರು. ಅತ್ತೆ ಬೇಸನ್ನನ್ನು ಅವರ ಮೇಜಿನ ಮೇಲಿಟ್ಟು ಟವಲು ತೆಗೆದರು.

"ನಂದೆಷ್ಟು ಅಂತ ಕೇಳಿದ್ರಂತಲ್ಲ ಸ್ವಾಮಿ. ತಗೊಳ್ಳಿ, ನಿಮ್ದೇ ಇದು."

ಅವರು ಬಗ್ಗಿ ನೋಡಿದರು. "ಏಂದಿ ಅಕ್ಕಯ್ಯಾ ಇದು, ಕಂದು ಬಣ್ಣ ಐತೆ? ನಮ್ಮ ಕಲ್ಲು ಬೂದಿ ಬಣ್ಣ ಅಲ್ವಾ?"

"ನೀರು ಹಾಕಿದರೆ ತಿಳಿಯುತ್ತೆ," ಎಂದೆ ನಾನು, ಬಹಳ ವಿದ್ಯಾವಂತಳ ಧಾಟಿಯಲ್ಲಿ. "ಕಲ್ಲಿನ ಪುಡಿ ಭಾರ, ತಳಕ್ಕೆ ಹೋಗುತ್ತೆ."

ಅವರ ಮಡಕೆಯಿಂದ ಒಂದು ಚೊಂಬು ನೀರು ತಂದು ಹಾಕಿ ಬೆರಳಿನಿಂದ ಕಲಕಿದೆ. ಎಲ್ಲರೂ ತಲೆ ತಗ್ಗಿಸಿ ನೋಡುತ್ತ ನಿಂತೆವು. ಮೊದಲು ಎಲ್ಲ ಕದಡಿತು. ಆಮೇಲೆ ನೀರು ತಿಳಿಯಾಗುತ್ತಿದ್ದಂತೆ ತಳದಲ್ಲಿ ಅಷ್ಟು ಇಷ್ಟು ಪುಡಿ ಕೂತಿತು, ಮಿಕ್ಕದ್ದೆಲ್ಲ ಮೇಲೆ ತೇಲಿ ಬಂದು ದೋಣಿಗಳಂತೆ ಸುತ್ತತೊಡಗಿತು. ನನಗೆ ಆಗ ನೆನಪಾಯಿತು. ಹಿಂದಿನ ಮೂರು ದಿನವೂ ನಮ್ಮ ಕಣದಲ್ಲಿ ರಾಗಿ ತೂರಿದ್ದರು. ಗಾಳಿಗೆ ಹಾರಿದ್ದೆಲ್ಲ ಪಕ್ಕದ ಬೇಸನ್ನಿಗೇ ಬಂದು ಬಿದ್ದಿತ್ತು.

"ಅತ್ತೆ," ಎಂದೆ ಮೆಲ್ಲಗೆ, "ಇದು ನಮ್ಮ ರಾಗಿ ಹೊಟ್ಟು."

ಅತ್ತೆ ಒಂದು ಹೊಟ್ಟನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ರಾಗಿಯನ್ನು ಅವರಿಗೆ ಬೇರೆ ಯಾರಾದರೂ ಪರಿಚಯ ಮಾಡಿಸಬೇಕೇ! ಕಂಟ್ರಾಕ್ಟರರ ಹೊಟ್ಟೆ ಮೊದಲು ಕುಲುಕಾಡಿತು, ಆಮೇಲೆ ಶೆಡ್ಡಿನ ತಗಡು ನಡುಗುವಂತೆ ನಕ್ಕರು. ಮಾವನೂ ತಡೆಯಲಾಗದೆ ನಕ್ಕುಬಿಟ್ಟರು. ಅತ್ತೆ ಬೇಸನ್ನನ್ನು ಎತ್ತಿಕೊಂಡು ಸರಸರನೆ ನಡೆದರು. ದಾರಿಯುದ್ದಕ್ಕೂ ನನಗೆ ಬೈಗುಳ ಕಾದಿದೆ ಎಂದುಕೊಂಡೇ ಹಿಂಬಾಲಿಸಿದೆ. ಬೇವಿನ ಮರದ ಹತ್ತಿರ ಅವರು ನಿಂತರು, ತಿರುಗಿದರು, ಮುಖ ಕೆಂಪಗಾಗಿತ್ತು. ನೋಡಿದರೆ ಅವರೂ ನಗುತ್ತಿದ್ದರು.

"ಟವಲು ಬೇರೆ ಮುಚ್ಕೊಂಡ್ ಹೋದ್ನಲ್ಲಮ್ಮೀ, ಬಿಸಿಲಿಗೆ ಬಾಡ್ತದೆ ಅನ್ನೋ ಹಂಗೆ!" ಎಂದು ಹೇಳಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಮದುವೆಯಾಗಿ ಅಷ್ಟು ತಿಂಗಳಲ್ಲಿ ಅವರ ಜೊತೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಸಂಜೆ ಕಂಟ್ರಾಕ್ಟರ್ ತಾವೇ ನಮ್ಮ ಮನೆಗೆ ಬಂದರು. ಆಡಿಕೊಳ್ಳಲು ಬಂದರೇನೋ ಎಂದುಕೊಂಡೆವು. ಅವರ ಕೈಯಲ್ಲಿ ಮರಳು ಜರಡಿಯಿಂದ ಕತ್ತರಿಸಿದ ತಂತಿ ಬಲೆಯ ತುಂಡುಗಳಿದ್ದವು.

"ಕಾಗೆ ಕಾಟ ಅಂತಲ್ಲ, ಇದನ್ನ ಮುಚ್ಚಿಡಮ್ಮ. ಧೂಳು ಬೀಳ್ತದೆ, ಕಾಗೆ ಬೀಳಲ್ಲ," ಎಂದರು ನನಗೆ. ಆಮೇಲೆ ಮಾವನ ಕಡೆ ತಿರುಗಿ, "ನಿಮ್ಮ ಸೊಸೆ ಹೊಟ್ಟು ಅಂತ ತಾನೇ ಹೇಳಿದ್ಲಲ್ಲ ಯಜಮಾನ್ರೇ, ಅದು ನಂಗೆ ಹಿಡಿಸ್ತು. ಸುಮ್ನಿದ್ದಿದ್ರೆ ನಂಗೇನು ಗೊತ್ತಾಗ್ತಿತ್ತು? ಇನ್ನೊಂದ್ಸಲ ಬೇಸನ್ನಿಡಲಿ. ನಮ್ಮ ಸೈಟಲ್ಲೂ ಒಂದಿಡಲಿ. ಏನು ಬರ್ತದೋ ನೋಡೋಣ," ಎಂದರು.

ಈ ಸಲ ಬುದ್ಧಿ ಕಲಿತಿದ್ದೆವು. ಕಣದಿಂದ ದೂರ, ತೋಟದ ಈ ತುದಿಗೊಂದು, ಆ ತುದಿಗೊಂದು ಬೇಸನ್ನು ಇಟ್ಟೆವು. ಕಂಟ್ರಾಕ್ಟರ್ ಹೊಸಕೋಟೆಯಿಂದ ಅಂಥವೇ ಇನ್ನೆರಡು ಬೇಸನ್ನು ತರಿಸಿದರು. ಒಂದನ್ನು ಲಾರಿ ಹಾದಿಯ ಅಂಚಿಗೆ, ಇನ್ನೊಂದನ್ನು ಜಲ್ಲಿ ಮಿಷನ್ನಿನ ಹತ್ತಿರ ಇಟ್ಟೆವು. ಎಲ್ಲದಕ್ಕೂ ಒಂದೇ ಅಳತೆಯ ನೀರು, ಒಂದೇ ದಿನ ಇಡುವುದು, ಒಂದೇ ದಿನ ತೆಗೆಯುವುದು. ನೀರು ಅಳೆಯುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಸೇರಿನ ಅಳತೆಗೆ ಒಂದು ಹನಿ ಹೆಚ್ಚಾದರೂ ಚೆಲ್ಲುತ್ತಿದ್ದರು. ದಿನಾ ಬೆಳಗ್ಗೆ ಅಂಗಳದಲ್ಲಿ ಒಂದು ಹಿಡಿ ಬೂದಿಯನ್ನು ಮೇಲೆ ತೂರಿ, ಅದು ಯಾವ ಕಡೆ ಹಾರುತ್ತದೋ ನೋಡಿ, "ಇವತ್ತು ಮೂಡಗಾಳಿ ಕಣಮ್ಮೀ," ಎಂದು ಕೂಗಿ ಹೇಳುವುದು ಅವರಿಗೆ ಅಭ್ಯಾಸವಾಯಿತು. ಗಂಡ ಬಸ್ಸಿಗೆ ಹೊರಡುತ್ತ, "ಅಮ್ಮಂಗೆ ರೇಡಿಯೋದಲ್ಲಿ ಹವಾಮಾನ ಹೇಳೋ ಕೆಲಸ ಕೊಡಿಸ್ಬೇಕು," ಎನ್ನುತ್ತಿದ್ದರು.

ನೀರು ಆರಿದ ಮೇಲೆ ಬೇಸನ್ನುಗಳನ್ನು ಸಾಲಾಗಿ ಇಟ್ಟು ನೋಡಿದೆವು. ಯಾರಿಗೂ ವಿವರಿಸಬೇಕಾಗಿರಲಿಲ್ಲ. ಲಾರಿ ಹಾದಿಯದು ಕುಂಕುಮದಂತೆ ಕೆಂಪು. ತೋಟದಲ್ಲಿ ಸೈಟಿನ ಕಡೆಯ ತುದಿಯಲ್ಲಿ ಇಟ್ಟದ್ದರಲ್ಲಿ ಬೂದು ಪುಡಿ ದಪ್ಪಗೆ, ಊರ ಕಡೆಯದರಲ್ಲಿ ತೆಳ್ಳಗೆ, ಎರಡರಲ್ಲೂ ಕೆಂಪು ಬೆರೆತು. ಸಂತೆಯ ದಿನ ಮಿಷನ್ನೂ ಲಾರಿಯೂ ನಿಂತಿರುತ್ತಿದ್ದವು. ಬೇರೆ ದಿನ ಒಂದೇ ಹಗಲಿಗೆ ಮಬ್ಬಾಗುತ್ತಿದ್ದ ಬೇಸನ್ನು, ಆ ಒಂದು ದಿನಕ್ಕೆಂದು ಬೇರೆ ನೀರಿಟ್ಟಾಗ ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು. ಊರ ಗಾಡಿಗಳೂ ದನಗಳೂ ಅವತ್ತೂ ಓಡಾಡಿದ್ದವು.

ಆದರೆ ಎಲ್ಲರೂ ಬಗ್ಗಿ ಬಗ್ಗಿ ನೋಡಿದ್ದು ಮಿಷನ್ನಿನ ಹತ್ತಿರದ್ದನ್ನು. ಅದರಲ್ಲಿ ಬೂದು ಪುಡಿ ಸೀಮೆಂಟು ಕಲಸಿಟ್ಟಂತೆ ಗಟ್ಟಿಯಾಗಿ ಕೂತಿತ್ತು. ನಾನು ಚಮಚದಿಂದ ಕೆರೆದು ತೆಗೆಯಬೇಕಾಯಿತು. ಆ ಬೇಸನ್ನಿನ ಪಕ್ಕದಲ್ಲೇ ದಿನವಿಡೀ ಕೂತು, ಮಿಷನ್ನಿನ ಬಾಯಿಗೆ ಹಿಡಿಸುವಂತೆ ಕಲ್ಲು ಒಡೆದುಕೊಡುವ ಹೆಂಗಸರಿದ್ದರು. ರೆಪ್ಪೆ, ಕೂದಲು, ಸೆರಗು ಎಲ್ಲ ಬೂದು. ಅತ್ತೆ ಅವರಲ್ಲೊಬ್ಬಳ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಕೆಮ್ಮು ಬರ್ತದಾ?" ಎಂದು ಕೇಳಿದರು.

ಅವಳು ನಕ್ಕಳು. "ಬರ್ತದವ್ವಾ. ಮನೆಗೋಗಿ ಬೆಲ್ಲ ತಿಂತೀವಿ, ಇಳಿದೋಯ್ತದೆ."

ಅತ್ತೆ ಎದ್ದು ನಡೆದರು. ಮನೆಗೆ ಬಂದವರು ಪೆಟ್ಟಿಗೆ ತೆಗೆದು ಹಳೆಯ ವಾಯಿಲ್ ಸೀರೆಯೊಂದನ್ನು ಹರಿದು ಉದ್ದುದ್ದ ಪಟ್ಟಿ ಮಾಡಿದರು. ಊಟಕ್ಕೆ ಕೂತಾಗ ಮಾವನಿಗೆ ಹೇಳಿದರು, "ಹುಳು ಬಾಯಿಲ್ಲದ್ದು ಅಂತೀವಿ. ಬ್ಯಾಡದ ಸೊಪ್ಪನ್ನ ಬ್ಯಾಡ ಅಂತ ಬಿಟ್ಟು ಕುಂತ್ಕೊತದೆ. ಆ ಹೆಂಗಸ್ರು ಉಸುರು ಬ್ಯಾಡ ಅನ್ನೋಕಾಯ್ತದಾ?"

ಮರುದಿನ ಮಾವ ತಾವಾಗಿಯೇ ಹೊರಟರು, ಈ ಸಲ ಹಿಂಜರಿಕೆ ಇರಲಿಲ್ಲ. ಅತ್ತೆಯೂ ನಾನೂ ಜೊತೆಗೆ ಹೋದೆವು. ಕಂಟ್ರಾಕ್ಟರೂ ಆ ಬೇಸನ್ನು ನೋಡಿದ್ದರಲ್ಲ, ಅವರ ನಗು ಸ್ವಲ್ಪ ಕಡಿಮೆಯಾಗಿತ್ತು.

"ಒಪ್ಪಿದೆ ಯಜಮಾನ್ರೇ. ಬೂದಿ ನಂದು, ಕೆಂಪೂ ನಂದು. ನೀರು ಹೊಡೆದ್ರೆ ಕೂತ್ಕೊತದೆ, ಗೊತ್ತು. ಆದ್ರೆ ಇಲ್ಲಿ ನೀರೆಲ್ಲೈತೆ? ಗೋಡೆಗೆ ಹಾಕೋಕೇ ಸಾಲಲ್ಲ."

"ನಮ್ಮ ಬಾವೀಲಿ ಐತೆ. ಪಂಪ್‌ಸೆಟ್ಟು ಐತೆ," ಎಂದರು ಮಾವ. "ನೀರು ನಮ್ದು. ಗಾಡಿ, ಡ್ರಮ್ಮು, ಆಳು ನಿಮ್ದು."

"ಬೇಸಿಗೇಲಿ ನಿಮ್ಮ ತೋಟಕ್ಕೆ ಕಡಿಮೆ ಬಿದ್ರೆ?"

"ಧೂಳು ಕುಡಿಯೋ ತೋಟಕ್ಕೆ ನೀರು ಹಾಕಿ ಏನು ಮಾಡ್ಲಿ?" ಎಂದು ನಡುವೆ ಬಾಯಿ ಹಾಕಿದವರು ಅತ್ತೆ. "ಆ ಮಿಷನ್ನ ಅಲ್ಲಿಂದೆತ್ತಿ. ಹಿಂದ್ಗಡೆ ತಗ್ಗೈತಲ್ಲ, ಮಣ್ಣು ತೆಗೆದಿದ್ದು, ಅಲ್ಲಿಡಿ. ಕಲ್ಲು ಒಡೆಯೋರ್ನ ಅದರ ಮೂಡಲಿಗೆ, ಗಾಳಿ ಬರೋ ಕಡೆ ಕೂರ್ಸಿ."

ಕಂಟ್ರಾಕ್ಟರ್ ಕೈ ಮುಗಿದರು. "ಅಕ್ಕಯ್ಯಾ, ನಿಮ್ಮನ್ನ ಇಂಜಿನಿಯರ್ ಮಾಡಿದ್ರೆ ನಾನು ಊರು ಬಿಡ್ಬೇಕಾಗ್ತಿತ್ತು."

ಮಿಷನ್ನು ಎತ್ತಿ ತಗ್ಗಿಗೆ ಸಾಗಿಸಲು ಅವರಿಗೆ ಎರಡು ದಿನದ ಕೆಲಸ ನಿಂತಿತು. ಗೊಣಗಲಿಲ್ಲ ಎಂದರೆ ಸುಳ್ಳು, ಗೊಣಗುತ್ತಲೇ ಮಾಡಿಸಿದರು. ಎತ್ತಿನ ಗಾಡಿಯ ಮೇಲೆ ಡ್ರಮ್ಮು ಕಟ್ಟಿ, ಹಿಂದೆ ತೂತು ಕೊರೆದ ಕೊಳವೆ ಜೋಡಿಸಿ, ಬೆಳಗ್ಗೆ ಲಾರಿ ಓಡುವ ಮೊದಲು ಒಮ್ಮೆ, ಊಟದ ಹೊತ್ತು ಕಳೆದ ಮೇಲೆ ಒಮ್ಮೆ ಹಾದಿಗೆ ನೀರು ಹೊಡೆಸತೊಡಗಿದರು. ಗಾಡಿ ಹೋದ ಮೇಲೆ ಹೊಸ ಮಳೆ ಬಿದ್ದಂಥ ವಾಸನೆ ಊರೊಳಗೂ ಬರುತ್ತಿತ್ತು. ಕಲ್ಲು ಒಡೆಯುವ ಹೆಂಗಸರು ವಾಯಿಲ್ ಪಟ್ಟಿ ಮೂಗಿಗೆ ಕಟ್ಟಿಕೊಂಡರು. ಮೊದಲು ಒಬ್ಬರನ್ನೊಬ್ಬರು ನೋಡಿ ನಕ್ಕು ಬಿಚ್ಚಿಬಿಡುತ್ತಿದ್ದರು. ಅತ್ತೆ ದಿನಾ ಹೋಗಿ ಕಟ್ಟಿಸಿ ಬರುತ್ತಿದ್ದರು.

ನಾನು ಬೇಸನ್ನು ಇಡುವುದನ್ನು ಬಿಡಲಿಲ್ಲ. ಧೂಳು ಮಾಯವಾಗಲಿಲ್ಲ, ಕಡಿಮೆಯಾಯಿತು. ತೋಟದ ಬೇಸನ್ನಿನಲ್ಲಿ ಕೆಂಪು ಮೊದಲು ಇಳಿಯಿತು, ಮಿಷನ್ನು ಜಾಗ ಬದಲಿಸಿದ ಮೇಲೆ ಬೂದೂ ಇಳಿಯಿತು. ಒಂದು ವಾರ ಮಾತ್ರ ಇದ್ದಕ್ಕಿದ್ದಂತೆ ಕೆಂಪು ಏರಿತು. ಅತ್ತೆ ಬೇಸನ್ನು ಹಿಡಿದು ಸೈಟಿಗೆ ಹೋಗಿ, "ನೀರಿನ ಗಾಡಿ ಬರ್ಲಿಲ್ವಾ?" ಎಂದು ವಿಚಾರಿಸಿದರೆ, ಎತ್ತಿಗೆ ಕಾಲು ನೋವಂತೆ, ಗಾಡಿ ನಿಂತಿತ್ತಂತೆ. "ಮುಚ್ಚಿಟ್ರೂ ಈಯಮ್ಮನ ಬೇಸನ್ ಹೇಳ್ಬಿಡ್ತದಲ್ಲಪ್ಪೋ," ಎಂದು ಕಂಟ್ರಾಕ್ಟರ್ ತಲೆ ಚಚ್ಚಿಕೊಂಡರು. ಅವತ್ತು ಮಧ್ಯಾಹ್ನ ಮಾವನ ಎತ್ತುಗಳೇ ಗಾಡಿ ಎಳೆದವು.

ಯುಗಾದಿ ಕಳೆದ ಮೇಲಿನ ಬೆಳೆಗೆ ಸೊಪ್ಪು ಒರೆಸುವ ಕೆಲಸವಿರಲಿಲ್ಲ. ಕೊಡವಿ ಹಾಕಿದರೆ ಸಾಕಿತ್ತು. ನಾಲ್ಕನೇ ಜ್ವರ ಎದ್ದ ಹುಳುಗಳು ಹಸಿದು ತಿನ್ನುವಾಗ ಕೋಣೆಯಲ್ಲಿ ಸಣ್ಣ ಮಳೆ ಸುರಿದಂತೆ ಸದ್ದು. ಹುಳುಗಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅತ್ತೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಕೇಳು," ಎಂದು ಪಿಸುಗುಟ್ಟಿದರು. ಇಬ್ಬರೂ ಬಹಳ ಹೊತ್ತು ಕೇಳುತ್ತ ನಿಂತಿದ್ದೆವು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ಚಾಪೆಗೆ, ಬಿಡುವ ಕೆಲಸವನ್ನು ಆ ಸಲ ಅವರು ನನ್ನ ಕೈಗೇ ಕೊಟ್ಟರು. ಗೂಡು ತುಂಬಿಕೊಂಡು, ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿ ಬಂತು.

ಆ ವರ್ಷದ ಆಷಾಢದಲ್ಲಿ ಗಾಳಿ ತಿರುಗಿತು. ಪಡುವಲಿಂದ ಬೀಸುವ ಗಾಳಿ ಸೈಟಿನ ಧೂಳನ್ನು ಆಚೆ ಊರಿನ ಕಡೆ ಒಯ್ಯತೊಡಗಿತು. ಅಲ್ಲಿಯೂ ಹುಳು ಸಾಕುವವರಿದ್ದರು. ಅವರಲ್ಲಿ ಇಬ್ಬರು ಹೆಂಗಸರು ಒಂದು ದಿನ ನಮ್ಮ ಮನೆ ಹುಡುಕಿಕೊಂಡು ಬಂದು, ಜಗುಲಿಯ ಮೇಲೆ ಕೂತು, "ನಿಮ್ಮತ್ರ ಧೂಳು ಹಿಡಿಯೋ ಬೇಸನ್ನೈತಂತೆ?" ಎಂದು ಕೇಳಿದರು.

ಅತ್ತೆ ಒಳಗೆ ಹೋದರು. ಒಗೆದ ಸೀರೆ ಉಟ್ಟು, ತಲೆ ಬಾಚಿ ಹೂ ಮುಡಿದು ಹೊರಗೆ ಬಂದರು. ಮಾವನಿಗೆ ಗಾಡಿ ಕಟ್ಟಲು ಹೇಳಿದರು.

"ನಡಿಯಮ್ಮೀ," ಎಂದರು ನನಗೆ. "ಬೇಸನ್ ಯಾರಾದ್ರೂ ಇಡ್ತಾರೆ. ಎಲ್ಲಿಡ್ಬೇಕು, ಹೆಂಗ್ ನೋಡ್ಬೇಕು ಅಂತ ನಾವು ಹೇಳ್ಕೊಡ್ಬೇಕು."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಯಾರು ಮುದ್ದೆ ಮಾಡುವವರು ಎಂದು ಕೇಳಿದೆ. "ನಿಮ್ಮಾವ ಮಾಡ್ಕೊತಾರೆ ಬಾ," ಎನ್ನುತ್ತ ಅವರು ಆಗಲೇ ಗಾಡಿ ಹತ್ತಿ ಎತ್ತಿನ ಹಗ್ಗ ಹಿಡಿದಿದ್ದರು.